ಹಳೆ ಎಂಎಕ್ಸ್-5 ಸ್ಟಾರ್ಟ್ ಆಗಿ ನಿಲ್ಲುತ್ತಿದೆಯಾ? ಮೊದಲು ಕಂಪನಿಯದ್ದಲ್ಲದ ವಯರ್ ಹುಡುಕಿ

ಹಳೆ ಕಾರು ಕೈಕೊಟ್ಟರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಪಾರ್ಟ್ ಹೋಗಿದೆ? ಯಾರೂ ಮುಟ್ಟದ ಕಾರಿಗೆ ಈ ಪ್ರಶ್ನೆ ಸರಿ. ನಾಲ್ಕೈದು ಜನ ಕೈ ಆಡಿಸಿದ ಕಾರಿಗೆ ಇದರಿಂದ ಕೆಲಸ ಆಗುವುದಿಲ್ಲ. ಅಲ್ಲಿ ಮೊದಲು ತಿಳಿಯಬೇಕಾದದ್ದು, ಯಾರು ಎಲ್ಲಿ ಏನು ಮಾಡಿಟ್ಟಿದ್ದಾರೆ ಎಂದು.

ಕಾಸರಗೋಡಿನ ನಮ್ಮ ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿರುತ್ತಾರೆ. ರಜೆಗೆ ಬರುವಾಗ ಕೆಲವರು ಕಾರ್ನೆಟ್ (ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ಗಾಡಿ ತರಲು ಬಿಡುವ) ದಾಖಲೆಯ ಮೇಲೆ ಅಲ್ಲಿನ ಕಾರನ್ನೇ ತಾತ್ಕಾಲಿಕವಾಗಿ ತರುತ್ತಾರೆ. ಹೆಚ್ಚಿನವು ದೊಡ್ಡ ಗಾಡಿಗಳು. ಅವುಗಳ ನಡುವೆ ಯಾವಾಗಲೋ ಒಮ್ಮೆ ಎರಡೇ ಸೀಟಿನ, ಟಾಪ್ ಮಡಚುವ, ಹೆಡ್‌ಲೈಟ್ ಮೇಲೆದ್ದು ಮಡಚಿ ಕಣ್ಣು ಮುಚ್ಚಿ ತೆರೆಯುವ ಪುಟ್ಟ ಮಜ್ದಾ ಎಂಎಕ್ಸ್-5 ಬರುತ್ತದೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದ ಕಾರಿದು. ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಅಮೆರಿಕದಲ್ಲಿ ಮಿಯಾಟಾ. ಮೊದಲ ತಲೆಮಾರಿನದ್ದು 1997ರ ತನಕ ಬಂತು. ಶುರುವಿನವಕ್ಕೆ 1,597 ಸಿಸಿಯ ಇಂಜಿನ್. ಇಡೀ ಕಾರಿನ ತೂಕ ಒಂದು ಟನ್ನಿನ ಆಸುಪಾಸು.

ಇದರ ಪಾರ್ಟ್ ಕುಂಬಳೆಯಲ್ಲೂ ಸಿಗುವುದಿಲ್ಲ, ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಸಿಗುವುದಿಲ್ಲ. ದುಬೈಯಿಂದ ಯಾರಾದರೂ ಸಂಬಂಧಿಕರ ಬ್ಯಾಗಿನಲ್ಲಿ ಬರಬೇಕು. ಹಾಗಾಗಿ 'ಇದನ್ನು ಬದಲಿಸಿ ನೋಡುವ, ಆಗದಿದ್ದರೆ ಅದನ್ನು ಬದಲಿಸುವ' ಎನ್ನುವ ಆಟ ಇಲ್ಲಿ ನಡೆಯುವುದಿಲ್ಲ. ಪಾರ್ಟ್ ತರಿಸುವ ಮೊದಲೇ ದೋಷ ಹಿಡಿದಿರಬೇಕು.

ಈ ಬರಹದ ಉದ್ದಕ್ಕೂ ಬರುವ ಉದಾಹರಣೆ, ಕುಂಬಳೆ ಕಡೆಯ ಒಬ್ಬರು ತಂದ 1.6, ಅಂದರೆ 1.6 ಲೀಟರ್ ಇಂಜಿನ್‌ನ ಕಾರು. ಅವರು ಹೇಳಿದ್ದು ಇಷ್ಟೇ: "ಎಂತ ಮಾರಾಯ್ರೆ, ಪಂಪು ಹೊಸತು, ಪ್ಲಗ್ಗು ಹೊಸತು, ಬ್ಯಾಟರಿ ಹೊಸತು. ಆದ್ರೂ ಸಿಗ್ನಲ್‌ನಲ್ಲಿ ನಿಲ್ತದೆ, ರಾತ್ರಿ ಲೈಟು ಮಂಕು, ಎರಡು ದಿನ ಬಿಟ್ರೆ ಸೆಲ್ಫೇ ಎಳೆಯುದಿಲ್ಲ."

ಮೊದಲು ಬರೀ ಕಣ್ಣು

ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿಯುವ ಮೊದಲು ಟಾರ್ಚ್ ಹಿಡಿಯಿರಿ. ಕಂಪನಿಯ ವಯರಿಂಗ್ ಗುರುತು ಹಿಡಿಯುವುದು ಸುಲಭ. ಕಪ್ಪು ಟೇಪಿನ ಕಟ್ಟು, ಎರಡು ಬಣ್ಣದ ಗೆರೆಯ ತೆಳು ವಯರ್, ಕ್ಲಿಪ್ ಒತ್ತಿ ತೆಗೆಯುವ ಪ್ಲಗ್. ಇದಲ್ಲದೆ ಕಾಣುವ ಪ್ರತಿಯೊಂದೂ ಆಮೇಲೆ ಬಂದದ್ದು. ಉದ್ದಕ್ಕೂ ಒಂದೇ ಕೆಂಪು ಬಣ್ಣದ ವಯರ್, ವಯರ್ ಕಡಿಯದೆ ಮೇಲಿಂದ ಕಚ್ಚಿಸುವ ನೀಲಿ ಕ್ಲಿಪ್, ಮನೆ ವಯರಿಂಗಿನ ಇನ್ಸುಲೇಷನ್ ಟೇಪು, ಇವೆಲ್ಲ ಸಾಕ್ಷಿಗಳು. ನಾಲ್ಕು ಕಡೆ ಖಂಡಿತ ನೋಡಿ: ಸ್ಟೀರಿಂಗ್ ಕೆಳಗೆ, ಡಿಕ್ಕಿಯಲ್ಲಿ ಬ್ಯಾಟರಿ ಹತ್ತಿರ, ಏರ್ ಫಿಲ್ಟರ್ ಸುತ್ತ, ಮತ್ತು ಬಾನೆಟ್ ಒಳಗಿನ 'ಡಯಾಗ್ನೋಸಿಸ್' ಎಂದು ಬರೆದ ಸಣ್ಣ ಕಪ್ಪು ಪೆಟ್ಟಿಗೆಯ ಮುಚ್ಚಳದ ಅಡಿ.

ಕಂಡದ್ದನ್ನೆಲ್ಲ ಒಮ್ಮೆಗೇ ಕತ್ತರಿಸಬೇಡಿ. ಫೋಟೋ ತೆಗೆಯಿರಿ, ಪೇಪರ್ ಟೇಪ್ ಸುತ್ತಿ ನಂಬರ್ ಹಾಕಿ. ಒಂದು ಬಿಚ್ಚಿ, ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಇನ್ನೊಂದು. ಯಾಕೆಂದರೆ ಇಂಥ ಕಾರಿನಲ್ಲಿ ಒಂದು ಮಾರ್ಪಾಡು ಇನ್ನೊಂದರ ತಪ್ಪನ್ನು ಮುಚ್ಚಿಕೊಂಡು ಕೂತಿರುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಹುಳಿ, ಹುಳಿ ಜಾಸ್ತಿಯಾಯಿತೆಂದು ಬೆಲ್ಲ ಹಾಕಿದ ಹಾಗೆ. ಬೆಲ್ಲ ಮಾತ್ರ ತೆಗೆದರೆ ರುಚಿ ಸರಿಯಾಗುವುದಿಲ್ಲ.

ಸ್ಟಾರ್ಟ್ ಆಗುತ್ತದೆ, ಕೀ ಬಿಟ್ಟ ಕೂಡಲೇ ನಿಲ್ಲುತ್ತದೆ

ಹಳೆ 1.6ನಲ್ಲಿ ಇದು ಬಹಳ ಸ್ಪಷ್ಟ ಲಕ್ಷಣ. ಆದರೂ ಜನ ಸೀದಾ ಪೆಟ್ರೋಲ್ ಪಂಪಿನ ಮೇಲೆ ತಪ್ಪು ಹೊರಿಸುತ್ತಾರೆ.

ಈ ಇಂಜಿನ್‌ನಲ್ಲಿ ಏರ್ ಫಿಲ್ಟರ್ ದಾಟಿದ ಕೂಡಲೇ ಏರ್‌ಫ್ಲೋ ಮೀಟರ್ ಇದೆ. ಅದರೊಳಗೆ ಸ್ಪ್ರಿಂಗ್ ಹಾಕಿದ ಒಂದು ಬಾಗಿಲು. ಗಾಳಿ ಎಳೆದಂತೆ ಅದು ತೆರೆಯುತ್ತದೆ. ಎಷ್ಟು ತೆರೆಯಿತು ಎಂದು ನೋಡಿ ಕಂಪ್ಯೂಟರ್ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಅದೇ ಬಾಗಿಲಿಗೆ ಇನ್ನೊಂದು ಕೆಲಸವೂ ಇದೆ. ಸ್ವಲ್ಪ ತೆರೆದರೆ ಒಳಗಿನ ಸ್ವಿಚ್ ಕೂಡುತ್ತದೆ, ಪಂಪಿನ ರಿಲೇ (ಕರೆಂಟಿನಿಂದ ಕೂಡುವ ಸ್ವಿಚ್) ಹಿಡಿದುಕೊಳ್ಳುತ್ತದೆ. ಇಂಜಿನ್ ನಿಂತರೆ ಗಾಳಿ ನಿಲ್ಲುತ್ತದೆ, ಬಾಗಿಲು ಮುಚ್ಚುತ್ತದೆ, ಪಂಪೂ ನಿಲ್ಲುತ್ತದೆ. ಅಪಘಾತವಾಗಿ ಪೈಪ್ ಕಿತ್ತುಹೋದರೆ ಪೆಟ್ರೋಲ್ ಸುರಿಯುತ್ತಲೇ ಇರಬಾರದು, ಅಲ್ವಾ? ಅದಕ್ಕೇ ಈ ಏರ್ಪಾಡು.

ಸೆಲ್ಫ್ ಹೊಡೆಯುವಾಗ ಮಾತ್ರ ರಿಲೇಗೆ ಬೇರೆ ದಾರಿಯಿಂದ ಕರೆಂಟ್ ಸಿಗುತ್ತದೆ. ಹಾಗಾಗಿ ಬಾಗಿಲಿನ ಸ್ವಿಚ್ ಹಾಳಾಗಿದ್ದರೂ ಕಾರು ಸ್ಟಾರ್ಟ್ ಆಗುತ್ತದೆ. ಕೀ ಬಿಟ್ಟ ಕೂಡಲೇ ಪಂಪ್ ನಿಂತು ಇಂಜಿನ್ ಸಾಯುತ್ತದೆ.

ಪರೀಕ್ಷೆ ಹೀಗೆ. ಇಂಜಿನ್ ಆಫ್, ಕೀ ಆನ್. ಫಿಲ್ಟರ್ ಕಳಚಿ ಬಾಗಿಲನ್ನು ಬೆರಳಿನಿಂದ ಮೆಲ್ಲ ಒಳಗೆ ತಳ್ಳಿ. ಹಿಂದಿನಿಂದ ಪಂಪ್ ಗುಂಯ್ ಎನ್ನಬೇಕು. ಬೆರಳು ತೆಗೆದರೆ ನಿಲ್ಲಬೇಕು. ತಳ್ಳಿದರೂ ಸದ್ದಿಲ್ಲ ಎಂದರೆ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ 'ಎಫ್/ಪಿ' ಮತ್ತು 'ಜಿಎನ್‌ಡಿ' ತೂತುಗಳಿಗೆ ಒಂದು ತುಂಡು ವಯರ್ ಹಾಕಿ. ಈಗ ಪಂಪ್ ಓಡಿದರೆ ಪಂಪು, ಅದರ ವಯರು, ರಿಲೇ ಎಲ್ಲ ಸರಿ. ದೋಷ ಮೀಟರಿನದ್ದು ಅಥವಾ ಅಲ್ಲಿಗೆ ಬರುವ ಪ್ಲಗ್ಗಿನದ್ದು. ಪರೀಕ್ಷೆ ಮುಗಿದ ಮೇಲೆ ವಯರ್ ತೆಗೆಯಬೇಕು.

ಕುಂಬಳೆಯ ಕಾರಿನಲ್ಲಿ ಆ ವಯರ್ ಆಗಲೇ ಇತ್ತು. ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಬೆರಳುದ್ದದ ಹಸಿರು ವಯರ್, ಎರಡು ತುದಿ ಸುಲಿದು ಆ ಎರಡೇ ತೂತಿಗೆ ತುರುಕಿ, ಮೇಲೆ ಮುಚ್ಚಳ ಒತ್ತಿದ್ದರು. ಅಂದರೆ ಕೀ ಆನ್ ಇರುವಷ್ಟು ಹೊತ್ತೂ ಪಂಪ್ ಓಡುತ್ತಿತ್ತು. ಇಂಜಿನ್ ನಿಂತಿದ್ದರೂ.

ಇದನ್ನು ಯಾಕೆ ಮಾಡಿದ್ದಾರೆ ಎಂದು ಹಿಂದೆ ಹಿಂದೆ ಹೋದೆವು. ಯಾರೋ ಕಂಪನಿಯ ಫಿಲ್ಟರ್ ಡಬ್ಬಿ ತೆಗೆದು, ಎಣ್ಣೆ ಹಚ್ಚುವ ಕೋನ್ ಫಿಲ್ಟರ್ ಹಾಕಿದ್ದರು. ಎಣ್ಣೆ ಜಾಸ್ತಿಯಾಗಿ ಒಳಗೆ ಹೋಗಿತ್ತು. ಅದರ ಮೇಲೆ ಗಲ್ಫಿನ ಮರಳು ಧೂಳು ಕೂತು ಬಾಗಿಲಿನ ಅಂಚಿನಲ್ಲಿ ಕಂದು ಅಂಟು. ಬಾಗಿಲು ಅರ್ಧ ದಾರಿಯಲ್ಲಿ ಹಿಡಿಯುತ್ತಿತ್ತು. ಕೆಲವೊಮ್ಮೆ ಸ್ವಿಚ್ ಕೂಡುವಷ್ಟೂ ತೆರೆಯುತ್ತಿರಲಿಲ್ಲ. ಪಂಪ್ ನಿಲ್ಲುತ್ತದೆಂದು ಇನ್ನೊಬ್ಬರು ಹೊಸ ಪಂಪ್ ಹಾಕಿದರು. ಅದೂ ನಿಂತಾಗ ಮತ್ತೊಬ್ಬರು ಹಸಿರು ವಯರ್ ತುರುಕಿದರು. ಪಂಪ್ ಓಡಿತು, ಆದರೆ ಬಾಗಿಲು ಹಿಡಿಯುವುದು ನಿಲ್ಲಲಿಲ್ಲ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಇಂಜಿನ್ ವೇಗ, ಏರುಪೇರಾಯಿತು. ಅದಕ್ಕೆ ಮೀಟರಿನ ಕಪ್ಪು ಮುಚ್ಚಳ ಬ್ಲೇಡಿನಿಂದ ಎಬ್ಬಿಸಿ, ಒಳಗಿನ ಗಡಿಯಾರದಂಥ ಸ್ಪ್ರಿಂಗಿನ ಹಲ್ಲುಚಕ್ರ ತಿರುಗಿಸಿದ್ದಾರೆ. ಮುಚ್ಚಳದ ಸುತ್ತ ಬಿಳಿ ಸಿಲಿಕಾನ್ ಕಂಡರೆ ಯಾರೋ ಒಳಗೆ ಹೋಗಿದ್ದಾರೆ ಎಂದೇ ತಿಳಿಯಿರಿ.

ಸರಿಪಡಿಸಿದ್ದು ಅದೇ ದಾರಿಯಲ್ಲಿ ಹಿಂದಕ್ಕೆ. ಮೊದಲು ಬಾಗಿಲಿನ ಅಂಟು ತೆಗೆದೆವು. ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿದ್ದು, ಸೀದಾ ಒಳಗೆ ಸ್ಪ್ರೇ ಹೊಡೆದದ್ದಲ್ಲ. ಬಾಗಿಲು ಎಲ್ಲೂ ತಡೆಯದೆ ಹೋಗಿ ತಾನೇ ವಾಪಸ್ ಬರಬೇಕು. ಆಮೇಲೆ ಸ್ಪ್ರಿಂಗ್. ಹಳೆ ಹಲ್ಲಿನ ಜಾಗದಲ್ಲಿ ಬಣ್ಣ ಬೇರೆ ಇರುತ್ತದೆ, ಅದನ್ನು ನೋಡಿ ಮೊದಲಿನ ಜಾಗಕ್ಕೆ ತಂದೆವು. ಕೊನೆಗೆ ಹಸಿರು ವಯರ್ ಕಿತ್ತೆವು. ಬಾಗಿಲು ಸಲೀಸಾಗುವ ಮೊದಲೇ ವಯರ್ ಕಿತ್ತಿದ್ದರೆ ಕಾರು ಮತ್ತೆ ನಿಲ್ಲುತ್ತಿತ್ತು. ವಯರ್ ಬೇಕೇ ಬೇಕು ಎಂದು ಅನಿಸುತ್ತಿತ್ತು.

ಕೋನ್ ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ: ಸದ್ದು ಚೆನ್ನಾಗಿರುತ್ತದೆ. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆದು ಪಿಕಪ್ ಜಾಸ್ತಿ ಮಾಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಐಡ್ಲಿಂಗ್ ಏರುವುದು, ಇಳಿಯುವುದು

ಗಾಳಿ ಅಳೆಯುವ ಮೀಟರಿಗೂ ಇಂಜಿನ್‌ಗೂ ಮಧ್ಯೆ ಎಲ್ಲಿ ಗಾಳಿ ನುಗ್ಗಿದರೂ ಅದು ಲೆಕ್ಕಕ್ಕೆ ಸಿಗದ ಗಾಳಿ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸರಿಯಿರುವ ಇಂಜಿನ್ ತಕ್ಷಣ ತಡವರಿಸುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಬೇರೆಲ್ಲೋ ಗಾಳಿ ಆಗಲೇ ನುಗ್ಗುತ್ತಿದೆ, ಇಲ್ಲವೇ ಇಂಜಿನ್ ತಳದ ಕ್ರಾಂಕ್‌ಕೇಸಿನ ಗಾಳಿ ಹೋಗುವ ಪೈಪ್ ಬ್ಲಾಕ್ ಆಗಿದೆ. ಆ ಗಾಳಿಯ ಜೊತೆ ಬರುವ ಎಣ್ಣೆ ಹಿಡಿಯಲು ಆಯಿಲ್ ಕ್ಯಾಚ್ ಕ್ಯಾನ್ ಹಾಕಿದ ಕಾರಿನಲ್ಲಿ ಮೊದಲು ಆ ಡಬ್ಬಿಯ ಪೈಪುಗಳನ್ನೇ ನೋಡಿ. ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಮಡಿಕೆಯ ತಳದಲ್ಲಿ ಬಿರುಕಿರುತ್ತದೆ. ಬಿರುಕು ಹುಡುಕಲು ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ. ಬೆಂಕಿಗೆ ಆಹ್ವಾನ. ನೀರಿನ ಸ್ಪ್ರೇ ಬಾಟಲಿ ಸಾಕು, ಬಿರುಕಿಗೆ ನೀರು ಬಿದ್ದಾಗ ಸದ್ದು ಬದಲಾಗುತ್ತದೆ.

ಗಾಳಿ ಸರಿಯಾದ ಮೇಲೆ ಮಾತ್ರ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು. ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ 'ಟಿಇಎನ್' ಮತ್ತು 'ಜಿಎನ್‌ಡಿ' ಸೇರಿಸಿದರೆ ಕಂಪ್ಯೂಟರ್ ತನ್ನ ತಿದ್ದುಪಡಿ ನಿಲ್ಲಿಸುತ್ತದೆ. ಆಗ 850 ಆರ್‌ಪಿಎಂ ಸುತ್ತಮುತ್ತ, 10 ಡಿಗ್ರಿ ಇರಬೇಕು. ಇಂಜಿನ್ ಹಿಂದೆ ಇರುವ, ಕಿಡಿಯ ಹೊತ್ತು ಹೇಳುವ ಕ್ಯಾಮ್ ಆಂಗಲ್ ಸೆನ್ಸರ್ ತಿರುಗಿಸಿ ಇದನ್ನು 14ಕ್ಕೆ ಇಡುವುದು ಈ ಕಾರಿನವರ ಹಳೆ ಚಟ, ಖರ್ಚಿಲ್ಲದ ಪಿಕಪ್ ಎಂದು. ಅಂದಾಜಿನಲ್ಲಿ ತಿರುಗಿಸಿದವರದ್ದು ಎಲ್ಲಿಗೆ ಹೋಗಿ ನಿಂತಿದೆಯೋ ಗೊತ್ತಿರುವುದಿಲ್ಲ. ಕಿಡಿ ಬೇಗ ಹಾರಿ ಇಂಜಿನ್ ಕಿಣಿಕಿಣಿ ಎಂದರೆ ಅದನ್ನು ಹಿಡಿಯುವ ನಾಕ್ ಸೆನ್ಸರ್ 1.6ನಲ್ಲಿ ಇಲ್ಲ. ಸೀತಾಂಗೋಳಿ ಏರಿನಲ್ಲಿ ಮೇಲಿನ ಗೇರಿನಲ್ಲಿ ಒತ್ತಿದಾಗ ಕಿಣಿಕಿಣಿ ಕೇಳಿದರೆ ತಡ ಮಾಡದೆ 10ಕ್ಕೆ ತನ್ನಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ. 20 ಎಥನಾಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ಸ್ವಲ್ಪ ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಟ್ಯಾಂಕಿನ ಹಳೆ ಕೊಳೆಯನ್ನೂ ಅದು ಸಡಿಲಿಸುತ್ತದೆ. ಇಲ್ಲಿಗೆ ಬಂದು ಎರಡು ಟ್ಯಾಂಕ್ ತುಂಬಿಸಿದ ಮೇಲೆ ಮಿಸ್ಸಿಂಗ್ ಶುರುವಾದರೆ ಫ್ಯೂಯೆಲ್ ಫಿಲ್ಟರ್ ನೋಡಿ. 30 ವರ್ಷದ ರಬ್ಬರ್ ಪೈಪುಗಳನ್ನು ಮೂಗಿನಿಂದಲೂ ನೋಡಿ.

ಮೈಲೇಜ್ ಇಲ್ಲ, ಸೈಲೆನ್ಸರ್ ತುದಿ ಕಪ್ಪು

ಎರಡು ಕಾರಣ ಬಹಳ ಸಾಮಾನ್ಯ. ಒಂದು, ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟಾಟ್ ತೆಗೆದುಹಾಕಿದ್ದು. 'ನಮ್ಮ ಸೆಕೆಗೆ ಅದು ಯಾಕೆ' ಎಂದು ಇಲ್ಲೂ ತೆಗೆಯುತ್ತಾರೆ, ಗಲ್ಫಿನಲ್ಲೂ ತೆಗೆಯುತ್ತಾರೆ. ಸುಮಾರು 88 ಡಿಗ್ರಿಗೆ ತೆರೆಯಬೇಕಾದ ಬಾಗಿಲೇ ಇಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗುವುದಿಲ್ಲ. ಕಂಪ್ಯೂಟರ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪ್ ಮುಟ್ಟಿ. ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ. ಮೊದಲಿಂದಲೇ ನಿಧಾನ ಉಗುರು ಬೆಚ್ಚಗಾಗುತ್ತಾ ಬಂದರೆ ಇಲ್ಲ. ಇಂಜಿನ್ ನಿಜವಾಗಿ ಬಿಸಿಯಾಗುತ್ತದೆ ಎಂಬ ಕಾರಣಕ್ಕೇ ತೆಗೆದಿದ್ದರೆ ಫ್ಯಾನ್ ಪರೀಕ್ಷಿಸಿ: ಅದೇ ಪೆಟ್ಟಿಗೆಯಲ್ಲಿ 'ಟಿಎಫ್‌ಎ' ಮತ್ತು 'ಜಿಎನ್‌ಡಿ' ಸೇರಿಸಿ ಕೀ ಆನ್ ಮಾಡಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಫ್ಯಾನೂ ರಿಲೇಯೂ ಸರಿ, ಸೆನ್ಸರ್ ಸ್ವಿಚ್ ನೋಡಿ.

ಎರಡು, ಎಕ್ಸಾಸ್ಟ್ ಬದಲಿಸಿದ್ದು. ಆಕ್ಸಿಜನ್ ಸೆನ್ಸರಿನ ಮುಂಚೆ ಎಲ್ಲಾದರೂ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಪೆಟ್ರೋಲ್ ಕಮ್ಮಿ ಎಂದು ಸೆನ್ಸರ್ ಸುಳ್ಳು ಹೇಳುತ್ತದೆ, ಕಂಪ್ಯೂಟರ್ ನಂಬುತ್ತದೆ. ಬಿಸಿ ಇಂಜಿನ್‌ನಲ್ಲಿ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಓಡಾಡುತ್ತಾ ಇರಬೇಕು. ಕೆಳಗೇ ಅಂಟಿಕೊಂಡಿದ್ದರೆ ಸೆನ್ಸರ್ ತರಿಸುವ ಮೊದಲು ಗ್ಯಾಸ್ಕೆಟ್ ನೋಡಿ.

ಎರಡು ದಿನ ಬಿಟ್ಟರೆ ಬ್ಯಾಟರಿ ಡೌನ್

ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿ, ಬಲಗಡೆ ಇದೆ. ಚಿಕ್ಕದು, ಸುಮಾರು 30 ಆಂಪಿಯರ್-ಅವರ್. ಆಂಪ್ಲಿಫೈಯರ್ ಕೂರಿಸುವವರಿಗೆ ಇಷ್ಟು ಹತ್ತಿರ ಬ್ಯಾಟರಿ ಸಿಕ್ಕಿದರೆ ಫ್ಯೂಸ್ ನೆನಪಾಗುವುದೇ ಇಲ್ಲ. ಬ್ಯಾಟರಿಯಿಂದ ಒಂದು ಗೇಣು, ಎರಡು ಗೇಣಿನ ಒಳಗೆ ಫ್ಯೂಸ್ ಇಲ್ಲದ ಕೆಂಪು ವಯರ್ ಕಂಡರೆ ಉಳಿದ ಕೆಲಸ ಬಿಟ್ಟು ಅದನ್ನು ಮೊದಲು ಕಳಚಿ.

ಲೆಕ್ಕ ಸರಳ. ಎಲ್ಲ ಆಫ್ ಆಗಿ, ಬಾಗಿಲು ಲಾಕ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಕಾರು ಎಳೆಯುವ ಕರೆಂಟ್ 50 ಮಿಲಿಆಂಪಿಯರ್ ಒಳಗಿರಬೇಕು. ಕುಂಬಳೆಯ ಕಾರು ಎಳೆಯುತ್ತಿದ್ದುದು 400ರ ಹತ್ತಿರ. 30 ಆಂಪಿಯರ್-ಅವರ್‌ನ ಅರ್ಧ ಖಾಲಿಯಾಗಲು 37 ಗಂಟೆ ಸಾಕು. ಅವರು ಹೇಳಿದ ಎರಡು ದಿನಕ್ಕೆ ಸರಿಯಾಗಿ ಹೊಂದುತ್ತದೆ. ಬ್ಯಾಟರಿ ಬದಲಿಸಿ ಏನು ಪ್ರಯೋಜನ?

ಮಲ್ಟಿಮೀಟರನ್ನು ಬ್ಯಾಟರಿಯ ನೆಗೆಟಿವ್ ಕೇಬಲ್ ಜೊತೆ ಸಾಲಾಗಿ ಹಾಕಿ, ಒಂದೊಂದೇ ಫ್ಯೂಸ್ ಎಳೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಕೈ ಆಡಿಸಿದ ಕಾರಿನಲ್ಲಿ ಎಲ್ಲ ಫ್ಯೂಸ್ ಎಳೆದರೂ ಕರೆಂಟ್ ಇಳಿಯದಿರಬಹುದು. ಹಾಗಾದರೆ ಅದು ಫ್ಯೂಸ್ ಪೆಟ್ಟಿಗೆಗೇ ಬಾರದ ವಯರ್. ಅದರ ದಾರಿ ಬ್ಯಾಟರಿಯ ತಲೆಯಿಂದಲೇ ಶುರು. ಇಲ್ಲಿ ಸಿಕ್ಕಿದ್ದು ಆಂಪ್ಲಿಫೈಯರ್. ರೇಡಿಯೋ ಆನ್ ಆದಾಗ ಮಾತ್ರ ಅದನ್ನು ಎಬ್ಬಿಸಬೇಕಾದ ನೀಲಿ ರಿಮೋಟ್ ವಯರನ್ನು ಬ್ಯಾಟರಿಗೇ ಕೊಟ್ಟಿದ್ದರು. ಹಗಲೂ ರಾತ್ರಿ ಎಚ್ಚರವೇ.

ಬ್ಯಾಟರಿ ನೋಡುವಾಗ ಇನ್ನೊಂದು ವಿಷಯ. ಮೊದಲು ಬಂದದ್ದು ಸೀಲ್ ಮಾಡಿದ, ಗಾಳಿಪೈಪ್ ಇರುವ ಬ್ಯಾಟರಿ. ಅದರ ಜಾಗಕ್ಕೆ ಸಾಧಾರಣ ನೀರು ಬ್ಯಾಟರಿ ಇಟ್ಟರೆ ಚಾರ್ಜ್ ಆಗುವಾಗ ಹೈಡ್ರೋಜನ್ ಮತ್ತು ಆಸಿಡ್ ಆವಿ ಮುಚ್ಚಿದ ಡಿಕ್ಕಿಯಲ್ಲೇ ತುಂಬುತ್ತದೆ. ಮ್ಯಾಟ್ ಎತ್ತಿ ತಗಡಿಗೆ ತುಕ್ಕು ಹಿಡಿದಿದೆಯೇ ನೋಡಿ.

ಲೈಟ್ ಮಂಕು

ಹೆಡ್‌ಲೈಟ್ 7 ಇಂಚಿನ ದುಂಡನೆಯದು. ಜೀಪಿಗೂ ಹಳೆ ಅಂಬಾಸಿಡರ್‌ಗೂ ಅದೇ ಅಳತೆ. ಹಾಗಾಗಿ ಊರಲ್ಲೇ ಸಿಗುವ ಏಕೈಕ ಪಾರ್ಟ್ ಇದು ಎನ್ನಬಹುದು. ಅಪಾಯವೂ ಅಲ್ಲೇ. 60/55 ವಾಟ್ ಬಲ್ಬಿನ ಜಾಗಕ್ಕೆ 100/90 ಹಾಕಿ ಹಳೆ ವಯರಿನಲ್ಲೇ ಓಡಿಸುತ್ತಾರೆ. ಒಂದೊಂದು ಬಲ್ಬ್ 5 ಆಂಪಿಯರ್ ಬದಲು 8 ಎಳೆಯುತ್ತದೆ. ವಯರೂ ಸ್ವಿಚ್ಚೂ ಬಿಸಿಯಾಗಿ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಮ್ಮಿಯಾದರೆ ಬೆಳಕು ಸುಮಾರು ಶೇ. 30 ಕಮ್ಮಿಯಾಗುತ್ತದೆ. ದೊಡ್ಡ ಬಲ್ಬ್, ಸಣ್ಣ ಬೆಳಕು.

ಅಳೆಯುವುದು ಹೀಗೆ: ಇಂಜಿನ್ ಓಡುತ್ತಿರಲಿ, ಲೈಟ್ ಆನ್ ಇರಲಿ, ಬಲ್ಬ್ ಪ್ಲಗ್ಗಿನಲ್ಲೇ ಇರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್‌ಗೆ. ತೋರಿಸುವಷ್ಟು ವೋಲ್ಟ್ ದಾರಿಯಲ್ಲಿ ಕಳೆದುಹೋಗಿದೆ ಎಂದರ್ಥ. ಆಮೇಲೆ ಎರಡೂ ನೆಗೆಟಿವ್ ನಡುವೆ ಹಾಗೇ. ಬಲ್ಬ್ ಕಳಚಿ ಅಳೆದರೆ 13.5 ತೋರಿಸಿ ಮೋಸ ಮಾಡುತ್ತದೆ, ಕರೆಂಟ್ ಹರಿಯದೆ ನಷ್ಟ ಕಾಣುವುದಿಲ್ಲ.

ಈ ಕಾರಿನಲ್ಲಿ ಹೆಚ್ಚಿನ ನಷ್ಟ ಒಂದೇ ಜೋಡಣೆಯಲ್ಲಿತ್ತು. ಟೇಪ್ ಬಿಚ್ಚಿದರೆ ಸುಮ್ನೆ ತಿರುಚಿದ ಎರಡು ವಯರ್, ಬೆಸುಗೆಯಿಲ್ಲ. ಎಳೆಗಳೆಲ್ಲ ಪಾಚಿ ಹಸಿರು. ಇನ್ನೊಂದು ಗೇಣು ಸುಲಿದರೂ ತಾಮ್ರದ ಬಣ್ಣ ಸಿಗಲಿಲ್ಲ, ಕಪ್ಪಾಗಿತ್ತು. ಕಡಲ ಗಾಳಿಯ ಊರಿನಲ್ಲಿ ಇಂಥ ಜೋಡಣೆ ಒಂದು ಮಳೆಗಾಲ ದಾಟುವುದೇ ಹೆಚ್ಚು. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಬೆಸೆದು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಹಾಕಿ. ದೊಡ್ಡ ಬಲ್ಬ್ ಬೇಕೇ ಬೇಕೆಂದರೆ ರಿಲೇ ಹಾಕಿ. ನಮ್ಮ ರಸ್ತೆಯಲ್ಲಿ ಅದು ಕಾನೂನಿಗೆ ಸಲ್ಲುವುದಿಲ್ಲ ಎಂಬುದು ಬೇರೆ ಮಾತು.

ಒಂದೇ ಕಣ್ಣು ತೆರೆಯುತ್ತಿದ್ದರೆ ಗಾಬರಿ ಬೇಡ. ಎತ್ತುವ ಮೋಟರಿನ ಮೇಲೆ ರಬ್ಬರ್ ಮುಚ್ಚಳದ ಅಡಿ ಒಂದು ತಿರುಪು ಇದೆ, ಕೈಯಿಂದ ತಿರುಗಿಸಿ ಲೈಟ್ ಎತ್ತಿ ಮನೆಗೆ ಹೋಗಬಹುದು. ಎಲ್‌ಇಡಿ ಲೈಟ್ ಹಾಕಿದ ಮೇಲೆ ಶುರುವಾದ ತೊಂದರೆಯಾದರೆ, ಅದರ ಹಿಂಬದಿಯ ಉದ್ದ ಜಾಸ್ತಿಯಾಗಿ ಮಡಚುವಾಗ ಎಲ್ಲಾದರೂ ತಾಗುತ್ತದೆಯೇ ಎಂದು ಕೈಯಿಂದ ತಿರುಗಿಸುತ್ತಲೇ ನೋಡಿ.

ಸೆಲ್ಫ್ ಸುಸ್ತು

ಬ್ಯಾಟರಿ 12.6 ತೋರಿಸುತ್ತದೆ, ಆದರೂ ಸೆಲ್ಫ್ ಎಳೆಯುವುದಿಲ್ಲ ಎಂದರೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುವ ದಾರಿ ನೋಡಿ. ಇಂಜಿನ್ ಇಳಿಸಿ ಹತ್ತಿಸಿದವರು ಇಂಜಿನ್‌ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ಮರೆಯುತ್ತಾರೆ, ಅಥವಾ ಹೊಸ ಪೇಂಟ್ ಮೇಲೆಯೇ ಬೋಲ್ಟ್ ಬಿಗಿಯುತ್ತಾರೆ. ಕ್ಯಾಮ್ ಆಂಗಲ್ ಸೆನ್ಸರಿನ ಪ್ಲಗ್ ಕಳಚಿ, ಆಗ ಸ್ಟಾರ್ಟ್ ಆಗುವುದಿಲ್ಲ. ಇಂಜಿನ್ ಲೋಹಕ್ಕೂ ಬ್ಯಾಟರಿಯ ನೆಗೆಟಿವ್‌ಗೂ ಮೀಟರ್ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ದಾಟಿದರೆ ಪೇಂಟ್ ಕೆರೆದು ಬೋಲ್ಟ್ ಮತ್ತೆ ಬಿಗಿಯಿರಿ.

ಕಾಲಡಿಯಲ್ಲಿ ನೀರು

ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ನಮ್ಮದು. ಟಾಪ್ ಮೇಲಿನ ನೀರು ಸೀಟಿನ ಹಿಂದಿನ ಎರಡು ಮೂಲೆಯ ತೂತುಗಳಿಂದ ಇಳಿದು ಹಿಂದಿನ ಚಕ್ರದ ಮುಂದೆ, ಅಡಿಯಿಂದ ಹೊರಗೆ ಹೋಗಬೇಕು. ಗಲ್ಫಿನಲ್ಲಿದ್ದ ಕಾರಿನಲ್ಲಿ ಆ ತೂತು ಮರಳಿನಿಂದ ತುಂಬಿರುತ್ತದೆ. ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ಇಲ್ಲಿಗೆ ಬಂದರೆ ಗೊತ್ತಾಗುತ್ತದೆ. ಕೆಲವರು ಸ್ಪೀಕರ್ ವಯರನ್ನು ಇದೇ ತೂತಿನಲ್ಲಿ ಎಳೆದಿರುತ್ತಾರೆ, ಅದನ್ನು ಮೊದಲು ತೆಗೆಯಿರಿ. ಆಮೇಲೆ ಒಂದು ಚೊಂಬು ನೀರು ನಿಧಾನ ಹೊಯ್ಯಿರಿ, ಕೆಳಗೆ ಎಷ್ಟು ಬರುತ್ತದೆ ನೋಡಿ. ಬರದಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ಹಾಕಿ. ಕಂಪ್ರೆಸರ್ ಗಾಳಿ ಬೇಡ, ಒಳಗಿನ ಪೈಪ್ ಜೋಡಣೆ ಬಿಟ್ಟರೆ ನೀರು ಬಾಡಿಯೊಳಗೇ ಸುರಿಯುತ್ತದೆ.

ಕಾರು ತಗ್ಗಿಸಲೆಂದು ಕತ್ತರಿಸಿದ ಸಸ್ಪೆನ್ಷನ್ ಸ್ಪ್ರಿಂಗ್ ಬಗ್ಗೆ ಪತ್ತೆ ಹಚ್ಚುವಂಥದ್ದು ಏನೂ ಇಲ್ಲ. ಜಾಕ್ ಹಾಕಿ ಎತ್ತಿದಾಗ ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗಿ ತಿರುಗಿದರೆ ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಎಲ್ಲ ಆದ ಮೇಲೆ ಕುಂಬಳೆಯಿಂದ ಬದಿಯಡ್ಕ ತನಕ ಒಂದು ಓಟ, ವಾಪಸ್ ಬಂದು ಬಿಸಿ ಇಂಜಿನ್‌ನಲ್ಲಿ ಐಡ್ಲಿಂಗ್, ಚಾರ್ಜಿಂಗ್ ವೋಲ್ಟೇಜ್, ಕಾರು ಎಳೆಯುವ ಕರೆಂಟ್ ಮತ್ತೊಮ್ಮೆ ಅಳೆಯಿರಿ. ಉಳಿಸಿಕೊಂಡ ಮಾರ್ಪಾಡುಗಳ ವಯರ್ ಎಲ್ಲಿಂದ ಎಲ್ಲಿಗೆ, ಎಷ್ಟು ಆಂಪಿಯರ್ ಫ್ಯೂಸ್ ಎಂದು ಒಂದು ಚೀಟಿಯಲ್ಲಿ ಬರೆದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಈ ಕಾರು ಶಾರ್ಜಾದಲ್ಲಿ ಯಾರ ಕೈಗೆ ಸಿಗುತ್ತದೋ, ಅವರಿಗೆ ಕನ್ನಡ ಬರುವ ಸಾಧ್ಯತೆ ಕಮ್ಮಿ. ಅಂಕಿ ಮತ್ತು ಚಿತ್ರ ಬರೆದರೆ ಸಾಕು.